ನಗರ ಮುಚ್ಚಿದ ಪಾತ್ರೆಯಲ್ಲ

'ನಗರವೊಂದರ ಜನಸಂಖ್ಯೆ ವರ್ಷಕ್ಕೆ ಶೇಕಡಾ 2ರಂತೆ ಹೆಚ್ಚಿದರೆ, 10 ವರ್ಷಗಳ ನಂತರ ಎಷ್ಟು?' ಪಠ್ಯಗಳಲ್ಲಿ ಬರುವ ಈ ಲೆಕ್ಕಕ್ಕೆ ಚಕ್ರಬಡ್ಡಿಯ ಸೂತ್ರ ಸಾಕು. ಆದರೆ ಆ 2 ಎಲ್ಲಿಂದ ಬಂತು? ಲೆಕ್ಕದ ಕೊರತೆ ಇರುವುದು ಇಲ್ಲಿಯೇ.

ಮೈಸೂರನ್ನು ಗಮನಿಸಿ. ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 1951ರಲ್ಲಿ ಸುಮಾರು 2.44 ಲಕ್ಷ, 1961ರಲ್ಲಿ 2.54 ಲಕ್ಷ, 1971ರಲ್ಲಿ 3.56 ಲಕ್ಷ. ಅಂದರೆ ಮೊದಲ ದಶಕದ ಏರಿಕೆ ಶೇಕಡಾ 4, ಮುಂದಿನದು 40. ಅದೇ ದಶಕಗಳಲ್ಲಿ ದೇಶದ ಏರಿಕೆ ಸುಮಾರು 22 ಮತ್ತು 25. ಜನನ-ಮರಣಗಳ ಅಂತರ ಒಂದೇ ನಗರದಲ್ಲಿ ಹೀಗೆ ಹತ್ತು ಪಟ್ಟು ಜಿಗಿಯಲಾರದು. ಕಾರಣವನ್ನು ವಲಸೆಯಲ್ಲಿ, ನಗರದ ಎಲ್ಲೆಯ ಬದಲಾವಣೆಯಲ್ಲಿ ಹುಡುಕಬೇಕು.

ಒಂದೇ ದರವನ್ನು ನಂಬಿ ನೀರು, ಶಾಲೆಗಳನ್ನು ಯೋಜಿಸಿದರೆ ಅವು ಸಾಲದೆ ಹೋದಾವು, ಇಲ್ಲವೇ ಮಿಕ್ಕಾವು. ಶಿಕ್ಷಕರು ಸೂತ್ರಕ್ಕೆ ಮೊದಲು ಈ ಮೂರು ಅಂಶಗಳನ್ನು ಬಿಡಿಸಿ ಹೇಳುವುದು ಒಳ್ಳೆಯದು.