ಕೂಲಿ ಘಾಟ್‌ನಲ್ಲಿ ಕೂಲಿ ಎಲ್ಲಿ?

ಮಾರಿಷಸ್ ಅಂದ್ರೆ ನಮಗೆ ನೆನಪಾಗೋದು ಎರಡೇ: ಹನಿಮೂನ್ ಪ್ಯಾಕೇಜು, ನೀಲಿ ಸಮುದ್ರದ ಮುಂದೆ ನಿಂತ ಫೋಟೋ. ಹಾಗಾಗಿ ರಾಜಧಾನಿ ಪೋರ್ಟ್ ಲೂಯಿಯ ಬಂದರಿನ ಹತ್ತಿರ ಟ್ಯಾಕ್ಸಿ ಇಳಿದಾಗ ನನ್ನ ಹೆಂಡತಿ ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು. “ಬೀಚ್ ಬಿಟ್ಟು ಡಿಪೋ ನೋಡೋಕೆ ಬಂದ್ವಾ?”

ಹೌದು, ಅದು ಡಿಪೋನೇ. ಬಸ್ಸಿಂದಲ್ಲ, ಮನುಷ್ಯರದ್ದು. ಹೆಸರು ‘ಆಪ್ರವಾಸಿ ಘಾಟ್’. ಕನ್ನಡದ ಕಣ್ಣು ಅದನ್ನ ಥಟ್ಟನೆ ‘ಪ್ರವಾಸಿ’ ಅಂತ ಓದಿಕೊಂಡುಬಿಡುತ್ತೆ. ಹಿಂದಿಯ ಆಪ್ರವಾಸಿ ಅಂದರೆ ವಲಸೆ ಬಂದವನು. ಮೊದಲು ಈ ಜಾಗಕ್ಕೆ ಇದ್ದ ಹೆಸರು ‘ಕೂಲಿ ಘಾಟ್’.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳ್ತೀನಿ. ಬ್ರಿಟಿಷರು ಗುಲಾಮಗಿರಿ ನಿಲ್ಲಿಸಿದಾಗ ಮಾರಿಷಸ್ಸಿನ ತೋಟದ ಮಾಲೀಕರಿಗೆ ಕಬ್ಬು ಕಡಿಯೋಕೆ ಜನ ಬೇಕಾಯ್ತು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಅನ್ನೋ ಹಡಗಿನಲ್ಲಿ 36 ಜನ ಭಾರತೀಯರು ಕರಾರಿನ ಮೇಲೆ ಬಂದಿಳಿದರು. 1849ರಲ್ಲಿ ಇಲ್ಲಿ ಡಿಪೋ ಶುರುವಾಯ್ತು. ಕಲ್ಕತ್ತಾ, ಮದ್ರಾಸ್, ಬೊಂಬಾಯಿಗಳಿಂದ ಜನ ಬರುತ್ತಲೇ ಹೋದರು. 1920ರ ಹೊತ್ತಿಗೆ ಒಟ್ಟು ಸುಮಾರು 5 ಲಕ್ಷ. 2006ರಲ್ಲಿ ಯುನೆಸ್ಕೋ ಇದನ್ನ ವಿಶ್ವ ಪರಂಪರೆಯ ತಾಣ ಅಂತ ಘೋಷಿಸಿತು.

ಉಳಿದಿರೋದು ಮಾತ್ರ ಚೂರೇ ಚೂರು. ಹೆದ್ದಾರಿ ಬಂದಾಗ ಡಿಪೋದ ಬಹುಭಾಗ ಹೋಯ್ತು. ಈಗಿರೋದು 1,640 ಚದರ ಮೀಟರ್. ನಮ್ಮ ಬೆಂಗಳೂರಿನ ಲೆಕ್ಕದಲ್ಲಿ ಏಳು ಫಾರ್ಟಿ-ಸಿಕ್ಸ್ಟಿ ಸೈಟು. ಕಲ್ಲಿನ ಗೋಡೆಗಳು, ಆಸ್ಪತ್ರೆಯ ಅವಶೇಷ, ಅಡುಗೆಮನೆ, ಕಕ್ಕಸು. ಇವೆಲ್ಲದರ ನಡುವೆ, ಹಡಗಿನಿಂದ ಇಳಿದವರು ಹತ್ತಿ ಬಂದ ಮೆಟ್ಟಿಲುಗಳು.

ನನ್ನ ತಕರಾರು ಶುರುವಾಗೋದು ಈ ಮೆಟ್ಟಿಲುಗಳಿಂದಲೇ. ಇಡೀ ಜಾಗದ ಭಾವನೆಯ ಭಾರ ಅವುಗಳ ಮೇಲಿದೆ. ಪ್ರತಿ ನವೆಂಬರ್ 2ಕ್ಕೆ ಹೂಗುಚ್ಛ ಇಡೋದು ಇಲ್ಲೇ. ಮೆಟ್ಟಿಲು ಅಂದ ಮೇಲೆ ಕಥೆ ಮೇಲಕ್ಕೇ ಹೋಗಬೇಕಲ್ಲ? ಬರಿಗೈಲಿ ಬಂದರು, ಬೆವರು ಸುರಿಸಿದರು, ಮೊಮ್ಮಕ್ಕಳು ದೇಶ ಆಳಿದರು. ಸುಳ್ಳೇನಲ್ಲ. ಆದರೆ ಈ ಕಥೆಯಲ್ಲಿ ನಡುವಿನ ವರ್ಷಗಳು ಬರೀ ‘ಕಷ್ಟ’ ಅನ್ನೋ ಒಂದು ಪದವಾಗಿ ಸವೆದುಹೋಗುತ್ತವೆ.

ಆ ಕಷ್ಟಕ್ಕೆ ವಿವರಗಳಿವೆ. ಗಂಡಾಳಿಗೆ ತಿಂಗಳಿಗೆ 5 ರೂಪಾಯಿ, ಜೊತೆಗೆ ರೇಷನ್ನು. ಒಂದು ದಿನ ಗೈರಾದರೆ ಎರಡು ದಿನದ ಸಂಬಳ ಕಟ್. ಇದಕ್ಕೆ ‘ಡಬಲ್ ಕಟ್’ ಅಂತಲೇ ಹೆಸರು. ಕರಾರು ಮುಗಿಸಿ ಬಿಡುಗಡೆಯಾದವರೂ 1867ರ ಕಾನೂನಿನ ಪ್ರಕಾರ ಫೋಟೋ ಅಂಟಿಸಿದ ಟಿಕೆಟ್ ಇಟ್ಟುಕೊಂಡೇ ಓಡಾಡಬೇಕಿತ್ತು. ಇಲ್ಲದಿದ್ದರೆ ‘ಅಲೆಮಾರಿ’ ಅಂತ ಪೊಲೀಸರು ಹಿಡಿಯುತ್ತಿದ್ದರು.

ಆ ಟಿಕೆಟ್ಟಿನ ವಿಷಯ ತಿಳಿದಾಗ ಕತ್ತಲ್ಲಿ ನೇತಾಡೋ ನನ್ನ ಐಡಿ ಕಾರ್ಡ್ ನೆನಪಾಯ್ತು. ‘ನಾವೂ ಅಷ್ಟೇ, ಕಾರ್ಪೊರೇಟ್ ಕೂಲಿಗಳು’ ಅನ್ನೋ ಹಳೇ ಜೋಕು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ನನ್ನ ಕಾರ್ಡು ಬಾಗಿಲು ತೆಗೆಯುತ್ತೆ, ಬೇಡ ಅನ್ನಿಸಿದ ದಿನ ವಾಪಸ್ ಕೊಟ್ಟು ಬರಬಹುದು. ಅವರದ್ದು ಕೆಲಸ ಬಿಟ್ಟವನನ್ನು ಮತ್ತೆ ತೋಟಕ್ಕೆ ಅಟ್ಟೋಕೆ ಮಾಡಿದ ಚೀಟಿ. ಆ ಜೋಕು ಇನ್ನು ಮುಂದೆ ಆಫೀಸಲ್ಲಿ ಯಾರು ಹೇಳಿದರೂ ನಗು ಬರಲ್ಲ.

ಇನ್ನು ಹೆಸರಿನ ವಿಷಯ. ‘ಕೂಲಿ’ ಪದದ ಮೂಲದ ಬಗ್ಗೆ ಪಂಡಿತರಲ್ಲಿ ಜಗಳ ಇದೆ. ದ್ರಾವಿಡ ಮೂಲದ್ದು ಅನ್ನೋದು ಒಂದು ವಾದ. ಕನ್ನಡದಲ್ಲಂತೂ ಕೂಲಿ ಅಂದರೆ ಮೊದಲು ದುಡಿಮೆಗೆ ಸಿಗೋ ಹಣ. ಇಂಗ್ಲಿಷಿನಲ್ಲಿ ಅದೇ ಪದ ಮನುಷ್ಯನ ಮೇಲೆ ಹಾಕೋ ಬೈಗುಳವಾಯ್ತು. ತಾತಂದಿರಿಗೆ ತಗುಲಿದ್ದ ಆ ಅವಮಾನವನ್ನ ಮೊಮ್ಮಕ್ಕಳು ಕಿತ್ತು ಹಾಕಿದರೆ ತಪ್ಪು ಅನ್ನೋಕೆ ನಾನ್ಯಾರು? ಆದರೆ ಜರ್ರನೆ ಸಂಸ್ಕೃತಕ್ಕೆ ಜಾರಿದಾಗ ಬೈಗುಳದ ಜೊತೆಗೆ ಸಂಬಳದ ಮಾತೂ ತೊಳೆದುಹೋಯ್ತು. ವಲಸೆ ಅನ್ನೋದು ಪ್ರಯಾಣ. ಕೂಲಿ ಅನ್ನೋದು ಲೆಕ್ಕ, ಯಾರು ಯಾರಿಗೆ ಎಷ್ಟು ಬಾಕಿ ಅನ್ನೋ ಲೆಕ್ಕ.

ಅವರು ಆ ಲೆಕ್ಕ ಕೇಳಿದ್ದೂ ಉಂಟು. 1871ರಲ್ಲಿ 9,000ಕ್ಕೂ ಹೆಚ್ಚು ಹಳೇ ಕರಾರಿನ ಕೆಲಸಗಾರರು, ತೋಟ ನೋಡಿಕೊಳ್ಳುತ್ತಿದ್ದ ಅಡಾಲ್ಫ್ ಡ ಪ್ಲೆವಿಟ್ಜ್ ಎಂಬ ಯೂರೋಪಿಯನ್ನನ ನೆರವಿನಿಂದ ಸರ್ಕಾರಕ್ಕೆ ಅರ್ಜಿ ಕೊಟ್ಟರು. ಮರುವರ್ಷ ಲಂಡನ್ ಒಂದು ರಾಯಲ್ ಕಮಿಷನ್ ನೇಮಿಸಬೇಕಾಯ್ತು. ನನ್ನ ಪ್ರಕಾರ ಹೂಗುಚ್ಛ ಇಡಬೇಕಾದ್ದು ಆ ಅರ್ಜಿಗೆ. ಮೆಟ್ಟಿಲು ಹತ್ತಿದ್ದು ಬೇರೆ ದಾರಿ ಇಲ್ಲದೆ. ಅರ್ಜಿಗೆ ಹೆಸರು ಕೊಟ್ಟಿದ್ದು ಧೈರ್ಯ ಮಾಡಿ.

ಆ ಕಾಲದ ಫೋಟೋಗಳು, ನಂಬರುಗಳು ಈಗ ಮೋಕಾ ಊರಿನ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟಿನಲ್ಲಿವೆ. ಜನ ತಮ್ಮ ಮನೆತನದ ಬೇರು ಹುಡುಕೋದು ಅವುಗಳಲ್ಲೇ. ಜನರನ್ನು ಕಟ್ಟಿಹಾಕೋಕೆ ಬರೆದ ದಾಖಲೆಯಲ್ಲೇ ಇವತ್ತು ಅಜ್ಜಿಯ ಮುಖ ಸಿಗುತ್ತೆ.

ನೀವು ಹೋದರೆ ಅರ್ಧ ದಿನ ಇದಕ್ಕೆ ಇಡಿ. ಹತ್ತಿರದಲ್ಲೇ, ಹಳೇ ಮಿಲಿಟರಿ ಆಸ್ಪತ್ರೆಯಲ್ಲಿ, ಗುಲಾಮಗಿರಿಯ ಮ್ಯೂಸಿಯಂ ಇದೆ. ಅದನ್ನ ಮೊದಲು ನೋಡಿ, ಆಮೇಲೆ ಘಾಟ್‌ಗೆ ಬನ್ನಿ. ನಾವು ಉಲ್ಟಾ ಮಾಡಿದ್ವಿ. ವಾಪಸ್ ಹೋಗುವಾಗ ಟ್ಯಾಕ್ಸಿಯಲ್ಲಿ ಹೆಂಡತಿ ಸುಮ್ಮನಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: “ಜ್ವರ ಬಂದ್ರೂ ಎರಡು ದಿನದ್ದು ಕಟ್ ಮಾಡ್ತಿದ್ರಾ?”