ಕಡಲ ದಂಡೆಯ ಹುಚ್ಚಿಯ ಹಾಡು

ಎಡಗೈ ಪಿಯಾನೋದ ತೀರಾ ತಗ್ಗಿನ ಮನೆಗಳಲ್ಲಿ ಒತ್ತೊತ್ತಾದ ಸ್ವರಗಳನ್ನು ನಿಧಾನವಾಗಿ ನುಡಿಸುತ್ತದೆ. ಬಲಗೈ ಬಹಳ ಮೇಲೆ, ಒಂದು ಬಡಕಲು ಧಾಟಿಯನ್ನು ಹಿಡಿದು ಹೊರಡುತ್ತದೆ. ನಡುವಿನ ಮನೆಗಳು, ಅಂದರೆ ಪಿಯಾನೋ ಅತ್ಯಂತ ಇಂಪಾಗಿ ನುಡಿಯುವ ಜಾಗ, ಹೆಚ್ಚುಕಡಿಮೆ ಖಾಲಿ. ಆ ಖಾಲಿ ಜಾಗವೇ ಕಡಲ ದಂಡೆ. ಷಾರ್ಲ್-ವ್ಯಾಲೆಂಟಿನ್ ಆಲ್ಕಾನ್ (1813–1888) 1847ರಲ್ಲಿ ಪ್ರಕಟಿಸಿದ 25 ಪ್ರಿಲ್ಯೂಡ್‌ಗಳಲ್ಲಿ ಎಂಟನೆಯದಾದ ಇದರ ಹೆಸರು ‘ಕಡಲ ದಂಡೆಯ ಹುಚ್ಚಿಯ ಹಾಡು’. ಕೆಲವೇ ನಿಮಿಷಗಳ ರಚನೆ.

ಆಲ್ಕಾನ್ ಪ್ಯಾರಿಸಿನ ಯಹೂದಿ. ಶೋಪೆನ್‌ನ ಗೆಳೆಯ, ನೆರೆಮನೆಯವ. ವರ್ಷಗಟ್ಟಲೆ ಕಛೇರಿಗಳಿಂದ ದೂರವಿದ್ದ. ಸತ್ತ ಮೇಲೆ ಬಹುಪಾಲು ಮರೆತುಹೋದ. ಪುಸ್ತಕದ ಕಪಾಟು ಮೈಮೇಲೆ ಬಿದ್ದು ಸತ್ತನೆಂಬ ಕಟ್ಟುಕತೆ ಮಾತ್ರ ಅವನ ಸಂಗೀತಕ್ಕಿಂತ ಹೆಚ್ಚು ಊರು ಸುತ್ತಿತು. ಇದೇ ಸಂಪುಟದ ಆರನೆಯ ರಚನೆ ಸಿನಗಾಗಿನ ಹಳೆಯ ಧಾಟಿ, ಕೊನೆಯದು ಪ್ರಾರ್ಥನೆ. ಈ ಹೆಂಗಸಿಗೂ ಅವುಗಳ ಪಕ್ಕದಲ್ಲೇ ಆತ ಜಾಗ ಕೊಟ್ಟಿದ್ದಾನೆ.

ಉರ್ದು ಶಾಯಿರಿ ಓದಿ ಬೆಳೆದ ನನಗೆ ‘ದೀವಾನಗಿ’ ಹೊಸದಲ್ಲ. ಆದರೆ ಅಲ್ಲಿ ಹುಚ್ಚೆಂಬುದು ಪ್ರೇಮಿಯ ಹೆಮ್ಮೆ, ಹೆಚ್ಚಾಗಿ ಗಂಡಸಿನದು. ಮಜ್ನೂನನಿಗೆ ಮರುಭೂಮಿಯಾದರೂ ಇತ್ತು. ಹೆಣ್ಣು ಹುಚ್ಚಿಯಾದರೆ ಅವಳನ್ನು ಒಳಕೋಣೆಗೆ ತಳ್ಳಿ ಚಿಲಕ ಹಾಕುತ್ತೇವೆ. ಕತೆಗಳಲ್ಲಿ ನಾನೂ ಅದನ್ನೇ ಮಾಡಿದ್ದೇನೆ, ಮೇಲಿಷ್ಟು ಕರುಣೆ ಸುರಿದು.

ಹಾಗಾಗಿ ಧ್ವನಿಮುದ್ರಿಕೆಗಳನ್ನು ಕೇಳುವಾಗ ನಾನು ಹುಡುಕಿದ್ದು ಬೆರಳಿನ ಚಳಕವನ್ನಲ್ಲ. ಈ ಹೆಂಗಸನ್ನು ಯಾರು ಹೇಗೆ ನೋಡುತ್ತಾರೆ ಎಂಬುದನ್ನು. ಫ್ರಾನ್ಸಿನ ಲೋರಾಂ ಮಾರ್ಟಾಂ ಎಲ್ಲ ಪ್ರಿಲ್ಯೂಡ್‌ಗಳನ್ನೂ ಮುದ್ರಿಸಿದ್ದಾರೆ. ಅವರ ನುಡಿಕೆಯಲ್ಲಿ ನನಗೆ ಕಂಡದ್ದು ದೂರದಿಂದ ನೋಡುವ ಒಬ್ಬ ಸಭ್ಯ ದಾರಿಹೋಕ. ತಪ್ಪೇನಿಲ್ಲ, ಆದರೆ ದಾರಿಹೋಕ ಮನೆಗೆ ಹೋಗಿಬಿಡುತ್ತಾನೆ. ಫಿನ್ಲೆಂಡಿನ ಒಲ್ಲಿ ಮುಸ್ಟೊನೆನ್ ಡೆಕ್ಕಾ ಕಂಪನಿಗಾಗಿ ಈ ಪ್ರಿಲ್ಯೂಡ್‌ಗಳನ್ನು ಶೋಸ್ಟಕೋವಿಚ್‌ನ ಪ್ರಿಲ್ಯೂಡ್‌ಗಳ ಜೊತೆಗೆ ನುಡಿಸಿದ್ದಾರೆ. ಸ್ವರಗಳನ್ನು ಬಿಡಿಬಿಡಿಯಾಗಿ, ಚುರುಕಾಗಿ ಕತ್ತರಿಸಿ ನುಡಿಸುವ ಅವರ ಅಭ್ಯಾಸ ಬೇರೆಡೆ ನನಗೆ ಕಿರಿಕಿರಿ. ಇಲ್ಲಿ ಮಾತ್ರ ಅದೇ ಅವಳ ದನಿಯಾಗಿದೆ: ಮಾತು ಮರೆತು, ಧಾಟಿಯಷ್ಟೇ ನೆನಪಿರುವವಳ ದನಿ.

ಪರೀಕ್ಷೆಯ ಜಾಗ ಮಧ್ಯದಲ್ಲಿದೆ. ಹಾಡು ಅಲ್ಲಿ ಅವಸರಕ್ಕೆ ಬೀಳುತ್ತದೆ, ದನಿ ಏರುತ್ತದೆ, ಆಮೇಲೆ ಕುಸಿಯುತ್ತದೆ. ಅದನ್ನು ನಾಟಕದ ಚೀರಾಟವಾಗಿಸುವುದು ಸುಲಭ. ಕೇಳುವವರಿಗೂ ಅದೇ ಬೇಕಿರುತ್ತದೆ. ಆದರೆ ಕೆಳಗಿನ ಅಲೆಗಳು ಅವಳಿಗಾಗಿ ಇಂಪಾಗುವುದೂ ಇಲ್ಲ, ಬಲಗೈಗೆ ಹತ್ತಿರ ಬರುವುದೂ ಇಲ್ಲ. ಮುಸ್ಟೊನೆನ್ ಆ ಅಂತರವನ್ನು ತುಂಬಲು ಹೋಗಿಲ್ಲ. ಎರಡನೆಯ ಸಲ ಕೇಳುವಾಗ ನಾನು ಅವಳನ್ನು ಬಿಟ್ಟು ಎಡಗೈಯನ್ನೇ ಹಿಂಬಾಲಿಸಿದೆ. ಅವಳ ಹಾಡು ತುಂಡಾಗಿ ಅಡಗಿದಾಗ, ಅದನ್ನು ಮೊದಲು ಗಮನಿಸಲೇ ಇಲ್ಲ.