ಕೊಪ್ಪಳ ಸೀಮೆಯ ಕಟ್ಟಡಗಳೂ ಅವುಗಳ ಡಿಜಿಟಲ್ ಪ್ರತಿಕೃತಿಗಳೂ

'ಕಾಲಿದ್ದವರು ಹಂಪೆ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು' ಎಂಬ ಗಾದೆಯು ಗಂಗಾವತಿಯ ಸೀಮೆಯಲ್ಲಿ ಬಹುಕಾಲದಿಂದ ಪ್ರಚಾರದಲ್ಲಿರುವುದಷ್ಟೆ. ಹಂಪೆಯ ವಿಸ್ತಾರವು ನಡೆದವನಿಗೆ ಮಾತ್ರ ತಿಳಿಯುವುದು. ಕನಕಗಿರಿಯ ಕುಸುರಿಯು ನಿಂತು ನೋಡಿದವನಿಗೆ ಮಾತ್ರ ತಿಳಿಯುವುದು. ಈಗ ಕಾಲಿಗೂ ಕಣ್ಣಿಗೂ ನೆರವಾಗಿ ಮೂರನೆಯದೊಂದು ಸಾಧನವು ಬಂದೊದಗಿದೆ. ಕೈಯಲ್ಲಿ ಹಿಡಿಯುವ ಫೋನಿನ ಕ್ಯಾಮರಾದಿಂದ ಒಂದು ಗುಡಿಯನ್ನು ಸುತ್ತಲೂ ಚಿತ್ರಿಸಿ, ಆ ಚಿತ್ರಗಳನ್ನು ಗಣಕಯಂತ್ರದಲ್ಲಿ ಕೂಡಿಸಿ, ತಿರುಗಿಸಿ ನೋಡಬಹುದಾದ ಪ್ರತಿಕೃತಿಯೊಂದನ್ನು ರಚಿಸಿ, ಅಂತರ್ಜಾಲದ ಮೂಲಕ ಅದನ್ನು ಎಲ್ಲರಿಗೂ ಹಂಚುವುದು ಇಂದು ಲೋಕದ ನಾನಾ ಭಾಗಗಳಲ್ಲಿ ಒಂದು ಹವ್ಯಾಸವಾಗಿ ಬೆಳೆದಿದೆ. ಸಂಬಳಕ್ಕಾಗಿ ಅಲ್ಲದೆ ಊರಿನ ಮೇಲಣ ಅಕ್ಕರೆಯಿಂದಲೇ ನಡೆಯುವ ಈ ಕೆಲಸದ ಗುಣದೋಷಗಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ಹಳೆಯ ತಾಲ್ಲೂಕುಗಳ ಕಟ್ಟಡಗಳನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಉಚಿತವಾಗಿದೆ.

ಈ ಪ್ರತಿಕೃತಿಗಳನ್ನು ರಚಿಸುವ ಕ್ರಮಗಳು ಮುಖ್ಯವಾಗಿ ಎರಡು. ಒಂದರಲ್ಲಿ ಕರ್ತನು ಅಳತೆಗಳನ್ನೂ ನಕ್ಷೆಗಳನ್ನೂ ಇಟ್ಟುಕೊಂಡು ಗೋಡೆ, ಕಂಬ, ಚಾವಣಿಗಳನ್ನು ಗಣಕದಲ್ಲಿ ತಾನೇ ಎಬ್ಬಿಸುತ್ತಾನೆ. 2000ದಲ್ಲಿ ಹೊರಬಂದ ಸ್ಕೆಚ್‌ಅಪ್ ಎಂಬ ತಂತ್ರಾಂಶವು ಈ ಕ್ರಮವನ್ನು ಸಾಮಾನ್ಯರಿಗೆ ಎಟುಕುವಂತೆ ಮಾಡಿತು. 2006ರಲ್ಲಿ ಗೂಗಲ್ ಸಂಸ್ಥೆಯು ಅದನ್ನು ಕೊಂಡು, ಎಲ್ಲರೂ ತಮ್ಮ ಮಾದರಿಗಳನ್ನು ತಂದಿಡಬಹುದಾದ ಉಗ್ರಾಣವೊಂದನ್ನು ತೆರೆದ ಮೇಲೆ, ತಮ್ಮ ತಮ್ಮ ಊರಿನ ಕಟ್ಟಡಗಳನ್ನು ಭೂಪಟದ ಮೇಲೆ ನಿಲ್ಲಿಸುವ ಹವ್ಯಾಸಿಗಳು ದೇಶದೇಶಗಳಲ್ಲಿಯೂ ಕಾಣಿಸಿಕೊಂಡರು. ಇನ್ನೊಂದು ಕ್ರಮದಲ್ಲಿ ಚಿತ್ರಗಳೇ ಆಧಾರ. ಪ್ರತಿಯೊಂದು ಚಿತ್ರವೂ ಹಿಂದಿನ ಚಿತ್ರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಒಳಗೊಳ್ಳುವಂತೆ ತೆಗೆದರೆ, ಎರಡರಲ್ಲಿಯೂ ಕಾಣುವ ಬಿಂದುಗಳನ್ನು ಗಣಕವು ಗುರುತಿಸಿ, ಅವುಗಳ ಸ್ಥಾನವನ್ನು ಲೆಕ್ಕಹಾಕಿ, ಬಿಂದುಗಳ ರಾಶಿಯಿಂದ ಮೇಲ್ಮೈಯನ್ನು ಹೆಣೆಯುವುದು. ಮೊದಲನೆಯ ಕ್ರಮದಲ್ಲಿ ಕೈಯ ತಿಳಿವಳಿಕೆ ಹೆಚ್ಚು. ಎರಡನೆಯದರಲ್ಲಿ ಕಲ್ಲಿನ ಸಾಕ್ಷ್ಯ ಹೆಚ್ಚು.

ಕಟ್ಟಡದ ಕಿರುರೂಪವನ್ನು ರಚಿಸುವ ಆಸೆಯು ಈ ನಾಡಿಗೆ ಹೊಸದೆಂದು ಭಾವಿಸಬೇಕಾಗಿಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿರುವ ಇಟಗಿಯ ಮಹಾದೇವ ದೇವಾಲಯವನ್ನು ನೋಡಿದವರಿಗೆ ಇದು ಸ್ಪಷ್ಟವಾಗುವುದು. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದ ಈ ಗುಡಿಯನ್ನು 1112ರ ಶಾಸನವು ದೇವಾಲಯ ಚಕ್ರವರ್ತಿಯೆಂದು ಕರೆದಿದೆ. ಇದರ ಹೊರಗೋಡೆಯಲ್ಲಿ ಅರೆಗಂಬಗಳ ಮೇಲೆ ಪುಟ್ಟ ಪುಟ್ಟ ಶಿಖರಗಳು ನಿಂತಿವೆ. ಗುಡಿಯೇ ತನ್ನ ಮೈಮೇಲೆ ಗುಡಿಗಳನ್ನು ಹೊತ್ತಿದೆ. ಚಾಲುಕ್ಯ ಶಿಲ್ಪಿಯು ಬಳಪದ ಕಲ್ಲಿನಲ್ಲಿ ಕಡೆದ ಈ ಕಿರುಗುಡಿಗಳು ಯಾವುದೋ ಒಂದು ಕಟ್ಟಡದ ಅಳತೆಯ ನಕಲುಗಳಲ್ಲ. ದೇಗುಲವೆಂದರೆ ಅಧಿಷ್ಠಾನ, ಭಿತ್ತಿ, ತಲಗಳು, ಶಿಖರ ಎಂಬ ಕ್ರಮವನ್ನು ಮಾತ್ರ ಅವು ಹೇಳುತ್ತವೆ. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರೂ ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟನ್ನು ಬೆರೆಸಿದ ಕಿಟ್ಟವನ್ನು ಮೆತ್ತಿ, ಬಣ್ಣ ಕೊಟ್ಟು ರೂಪಗಳನ್ನು ಮಾಡುತ್ತ ಬಂದಿದ್ದಾರೆ. ಆ ಗೊಂಬೆಯು ಅಳತೆಯ ಸಾಕ್ಷ್ಯವೆಂದು ಯಾರೂ ಹೇಳಿಲ್ಲ. ಯಾರೂ ಮೋಸಹೋಗಿಯೂ ಇಲ್ಲ. ಗಣಕದ ಪ್ರತಿಕೃತಿಯ ವಿಷಯ ಹಾಗಲ್ಲ. ಅದು ಛಾಯಾಚಿತ್ರದಂತೆ ಕಾಣುವುದರಿಂದ ಕಂಡದ್ದೆಲ್ಲವೂ ಇದ್ದದ್ದೇ ಎಂಬ ನಂಬಿಕೆಯನ್ನು ಹುಟ್ಟಿಸುವುದು. ವಿಮರ್ಶೆಗೆ ಎಡೆಯಿರುವುದು ಇಲ್ಲಿಯೇ.

ಈ ವಿಷಯದಲ್ಲಿ ಶಾಸನಶಾಸ್ತ್ರದ ಪದ್ಧತಿಯು ಒಳ್ಳೆಯ ದಾರಿಯನ್ನು ತೋರಿಸುತ್ತದೆ. ಕೊಪ್ಪಳದ ಗವಿಮಠದ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲಣ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದು, ಮರುವರ್ಷವೇ ಟರ್ನರ್ ಪಂಡಿತನಿಂದ ಹೈದರಾಬಾದಿನ ಪುರಾತತ್ತ್ವ ಗ್ರಂಥಮಾಲೆಯಲ್ಲಿ ಪ್ರಕಟವಾದುವು. ಇಂತಹ ಶಾಸನವನ್ನು ಸಂಪಾದಿಸುವವನ ಮುಂದೆ ಎರಡು ವಸ್ತುಗಳಿರುತ್ತವೆ. ಒದ್ದೆಯ ಕಾಗದವನ್ನು ಕಲ್ಲಿನ ಮೇಲೆ ಒತ್ತಿ ತೆಗೆದ ಪಡಿಯಚ್ಚು ಒಂದು. ಅದನ್ನು ನೋಡಿ ವಿದ್ವಾಂಸನು ನಿರ್ಣಯಿಸಿದ ಪಾಠ ಇನ್ನೊಂದು. ಕಲ್ಲು ಚಕ್ಕೆಯೆದ್ದು ಅಳಿದುಹೋದ ಅಕ್ಷರವನ್ನು ಅವನು ಊಹಿಸಿ ತುಂಬಬಹುದು. ಆದರೆ ಅದನ್ನು ಕಂಸದೊಳಗಿಟ್ಟು, ಇದು ಕಲ್ಲಿನದಲ್ಲ, ತನ್ನದು ಎಂದು ತಿಳಿಸಲೇಬೇಕು. ಕಂಸವಿಲ್ಲದೆ ಊಹೆಯನ್ನು ಸೇರಿಸಿದವನು ಎಷ್ಟೇ ಪಂಡಿತನಾದರೂ ಅವನ ಪಾಠವನ್ನು ಮುಂದಿನವರು ನಂಬಲಾರರು. ಚಿತ್ರಗಳಿಂದ ಹೆಣೆದ ಮೇಲ್ಮೈಯು ಕಟ್ಟಡದ ಪಡಿಯಚ್ಚು. ಅದರ ಮೇಲೆ ಕರ್ತನು ತುಂಬಿದುದು, ತಿದ್ದಿದುದು, ನೇರಮಾಡಿದುದು ಇವೆಲ್ಲವೂ ಪಾಠ. ಹವ್ಯಾಸಿಗಳ ಪ್ರತಿಕೃತಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ದೊಡ್ಡ ದೋಷವೆಂದರೆ ಈ ಎರಡನ್ನೂ ಗುರುತಿಲ್ಲದೆ ಬೆರೆಸುವುದೇ ಆಗಿದೆ.

ಇಟಗಿಯನ್ನೇ ನಿದರ್ಶನವಾಗಿ ತೆಗೆದುಕೊಂಡು ಈ ದೋಷವು ಹೇಗೆ ಹುಟ್ಟುವುದೆಂಬುದನ್ನು ನೋಡಬಹುದು. ಗುಡಿಯ ಶಿಖರದ ಮೇಲ್ತುದಿಯು ಅಳಿದಿದೆ. ಮೊಂಡಾದ ಶಿಖರವು ಕಣ್ಣಿಗೆ ಒಪ್ಪುವುದಿಲ್ಲವೆಂದು ಬೇರೊಂದು ದೇವಾಲಯದ ಶಿಖರವನ್ನೂ ಕಲಶವನ್ನೂ ತಂದು ಕೂರಿಸುವುದು ಗಣಕದಲ್ಲಿ ಕ್ಷಣದ ಕೆಲಸ. ಅಂತೆಯೇ ಒಂದು ಕಂಬವನ್ನು ಚೆನ್ನಾಗಿ ರಚಿಸಿ ಅದನ್ನೇ ಮಂಟಪದ ತುಂಬ ನೆಡುವುದೂ, ದಕ್ಷಿಣದ ಗೋಡೆಯನ್ನು ಕನ್ನಡಿಯಲ್ಲಿಟ್ಟಂತೆ ತಿರುಗಿಸಿ ಉತ್ತರದ ಗೋಡೆಯನ್ನಾಗಿ ಮಾಡುವುದೂ ಸುಲಭ. ಆದರೆ ಆ ಕಾಲದ ಶಿಲ್ಪಿಗಳ ಹೆಗ್ಗಳಿಕೆಯಿರುವುದು ಒಂದೇ ಕ್ರಮದೊಳಗೆ ವಿವರವನ್ನು ಬಗೆಬಗೆಯಾಗಿ ಬದಲಿಸುವುದರಲ್ಲಿ. ಆ ವ್ಯತ್ಯಾಸಗಳನ್ನು ಅಳಿಸಿದ ಪ್ರತಿಕೃತಿಯು ಗುಡಿಯನ್ನು ತೋರಿಸುವುದೇ ಹೊರತು ಶಿಲ್ಪಿಗಳನ್ನು ತೋರಿಸದು. ಕಡತದ ಗಾತ್ರವನ್ನು ಇಳಿಸಲೆಂದು ಮೇಲ್ಮೈಯನ್ನು ಸರಳಗೊಳಿಸಿದಾಗ ಬಳಪದ ಕಲ್ಲಿನ ಹರಿತವಾದ ಅಂಚುಗಳು ಬೆಣ್ಣೆಯಂತೆ ಕರಗಿಹೋಗುವುವು. ಇನ್ನು ಅಳತೆಯ ಮಾತು: ಚಿತ್ರಗಳು ಆಕಾರವನ್ನು ಹೇಳುವುವೇ ಹೊರತು ಗಾತ್ರವನ್ನು ತಾವಾಗಿ ಹೇಳಲಾರವು. ತಿಳಿದ ಉದ್ದದ ಕೋಲೊಂದನ್ನು ಗೋಡೆಯ ಪಕ್ಕದಲ್ಲಿಟ್ಟು ಚಿತ್ರಿಸದಿದ್ದರೆ ದೇವಾಲಯ ಚಕ್ರವರ್ತಿಯೂ ಕಿನ್ನಾಳದ ಗೊಂಬೆಯೂ ಗಣಕಕ್ಕೆ ಒಂದೇ. ಕಡೆಯದಾಗಿ, ಸುತ್ತಣ ಚಿಕ್ಕ ಗುಡಿಗಳನ್ನೂ ಸಮೀಪದ ಪುಷ್ಕರಿಣಿಯನ್ನೂ ಬಿಟ್ಟು ನಡುವಣ ದೇವಾಲಯವನ್ನು ಮಾತ್ರ ಕತ್ತರಿಸಿ ಶೂನ್ಯದಲ್ಲಿ ತೂಗಹಾಕಿದರೆ ಅದು ಒಂದು ಕ್ಷೇತ್ರದ ಭಾಗವೆಂಬುದೇ ಮರೆತುಹೋಗುವುದು.

ಕಾಲದ ಗೊಂದಲವು ಇದಕ್ಕಿಂತ ಸೂಕ್ಷ್ಮವಾದ ದೋಷವಾಗಿದೆ. ಕೊಪ್ಪಳದ ಕೋಟೆಯು 1786ರಲ್ಲಿ ಟಿಪ್ಪು ಸುಲ್ತಾನನ ವಶಕ್ಕೆ ಬಂದು ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಹೊಸದಾಗಿ ಬಲಪಡಿಸಲ್ಪಟ್ಟಿತು. 1790ರಲ್ಲಿ ಬ್ರಿಟಿಷರೂ ನಿಜಾಮನ ಸೈನ್ಯವೂ ಅದನ್ನು ಮುತ್ತಿ ಮರುವರ್ಷ ಹಿಡಿದರು. 1858ರಲ್ಲಿ ಮುಂಡರಗಿ ಭೀಮರಾಯನು ಅದನ್ನು ಹಿಡಿದು ಅಲ್ಲಿಯೇ ಮಡಿದನು. ಹೀಗಿರಲು 'ಕೊಪ್ಪಳದ ಕೋಟೆ' ಎಂಬ ಹೆಸರಿನ ಪ್ರತಿಕೃತಿಯು ಯಾವ ವರ್ಷದ ಕೋಟೆ? ಇಂದಿನ ಬಿರುಕುಗಳನ್ನು ಮುಚ್ಚಿ, ಬಿದ್ದ ಕೊತ್ತಳವನ್ನು ಎಬ್ಬಿಸಿ, ಗಿಡಗಂಟಿಗಳನ್ನು ತೆಗೆದುಹಾಕಿ ರಚಿಸಿದ ರೂಪವು ಯಾವ ಕಾಲದಲ್ಲಿಯೂ ಇದ್ದಿರದ ಕೋಟೆಯಾಗಬಹುದು. ಚಿತ್ರ ತೆಗೆದ ದಿನಾಂಕವನ್ನು ಬರೆದಿಟ್ಟರೆ ಈ ದೋಷದ ಬಹುಭಾಗವು ನಿವಾರಣೆಯಾಗುವುದು.

ಇಂತಹ ಸಂದರ್ಭಗಳಿಗಾಗಿಯೇ ವಿದ್ವಾಂಸರು ಕೂಡಿ ಲಂಡನ್ ಸನ್ನದು ಎಂಬ ನಿಯಮಾವಳಿಯನ್ನು ರೂಪಿಸಿ 2009ರಲ್ಲಿ ಅದನ್ನು ಪರಿಷ್ಕರಿಸಿದರು. ಆಧಾರವಾವುದು, ಊಹೆಯಾವುದು, ಊಹೆಗೆ ಕಾರಣವಾವುದು ಎಂಬುದನ್ನು ಪ್ರತಿಕೃತಿಯೊಡನೆಯೇ ದಾಖಲಿಸತಕ್ಕುದೆಂಬುದು ಅದರ ತಿರುಳು. ಹವ್ಯಾಸಿಗೆ ಇದು ಭಾರವಾದ ನಿಯಮವೇನೂ ಅಲ್ಲ. ಅಳೆದ ಭಾಗಕ್ಕೆ ಕಲ್ಲಿನ ಬಣ್ಣವನ್ನೂ ಊಹಿಸಿದ ಭಾಗಕ್ಕೆ ಬೇರೊಂದು ಬಣ್ಣವನ್ನೂ ಕೊಟ್ಟರೆ ಸಾಕು; ಅದೇ ಅವನ ಕಂಸ. ಹಾಗೆ ಮಾಡಿದಲ್ಲಿ ಅವನ ಕಲ್ಪನೆಗೂ ಪೂರ್ಣ ಸ್ವಾತಂತ್ರ್ಯವಿರುವುದು. ಕಲ್ಪನೆಯು ದೋಷವಲ್ಲ; ಅದನ್ನು ಸಾಕ್ಷ್ಯದ ವೇಷದಲ್ಲಿ ಕಳುಹಿಸುವುದು ಮಾತ್ರ ದೋಷ.

ಇಷ್ಟು ನಿಷ್ಠುರವಾಗಿ ವಿಚಾರಿಸುವುದಕ್ಕೆ ಕಾರಣವಿದೆ. ಈ ಪ್ರತಿಕೃತಿಗಳು ಒಂದು ದಿನ ಮೂಲದ ಸ್ಥಾನದಲ್ಲಿ ನಿಲ್ಲಬೇಕಾಗಿ ಬರಬಹುದು. 2015ರಲ್ಲಿ ಇರಾಕಿನ ಮೋಸುಲ್ ನಗರದ ವಸ್ತುಸಂಗ್ರಹಾಲಯದ ಶಿಲ್ಪಗಳು ಸುತ್ತಿಗೆಯ ಪಾಲಾದಾಗ, ಪ್ರವಾಸಿಗಳು ಹಿಂದೆಂದೋ ತೆಗೆದಿದ್ದ ಚಿತ್ರಗಳನ್ನು ಕೂಡಿಸಿ ಸ್ವಯಂಸೇವಕರು ಅವುಗಳ ರೂಪವನ್ನು ಗಣಕದಲ್ಲಿ ಮರಳಿ ಕಟ್ಟತೊಡಗಿದರು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು 2019ರ ಜುಲೈ ತಿಂಗಳಲ್ಲಿ ನಿಧಿಯ ಆಸೆಯಿಂದ ಒಡೆದುಹಾಕಿದರು. ಭಕ್ತರು ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಕಟ್ಟಿದರು. ಇಂತಹ ವೇಳೆಯಲ್ಲಿ ಕಲ್ಲಿಗೆ ಕಲ್ಲು ಹೇಗೆ ಕೂಡಿತ್ತೆಂಬುದನ್ನು ಹೇಳಬಲ್ಲ ಅಳತೆಯ ಪ್ರತಿಯೊಂದಿದ್ದರೆ ಅದರ ಬೆಲೆಯನ್ನು ಕಟ್ಟುವುದು ಸಾಧ್ಯವೆ? ಆದರೆ ಆ ಪ್ರತಿಯಲ್ಲಿ ಊಹೆಯು ಗುರುತಿಲ್ಲದೆ ಸೇರಿದ್ದರೆ ಅದು ದಾರಿ ತಪ್ಪಿಸುವ ಸಾಕ್ಷಿಯಾಗುವುದು.

ಆಯ್ಕೆಯ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕಾಗಿದೆ. ಇಟಗಿಯನ್ನೂ ಕುಕನೂರಿನ ನವಲಿಂಗ, ಕಲ್ಲೇಶ್ವರ ದೇವಾಲಯಗಳನ್ನೂ ವಿದ್ವಾಂಸರು ಲಕ್ಷಿಸಿದ್ದಾರೆ. ಹೆನ್ರಿ ಕಸಿನ್ಸನ 1926ರ ಗ್ರಂಥದಲ್ಲಿಯೇ ಅವುಗಳ ವಿವರಣೆಯುಂಟು. ಗಂಗಾವತಿಯ ಹಿರೇಬೆಣಕಲ್ಲಿನ ಶಿಲಾಗೋರಿಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿವೆ. ಆದರೆ ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳ ಮೇಲುಮುದ್ದೆಯ ಮನೆಗಳನ್ನು ಯಾವ ಪಟ್ಟಿಯು ಸೇರಿಸಿಕೊಂಡಿದೆ? ಜಂತಿ ತೊಲೆಗಳ ಮೇಲೆ ಮಣ್ಣು ಹೊದಿಸಿ, ಮಳೆಗೆ ಸೋರದಂತೆ ಸವಳನ್ನು ಹರಡಿ, ನಡುವೆ ಬೆಳಕಿಂಡಿಯನ್ನು ಬಿಟ್ಟು ಕಟ್ಟಿದ ಆ ಮನೆಗಳು ಬಿಸಿಲಿನ ಸೀಮೆಗೆ ಒಪ್ಪುವ ವಾಸ್ತುವಿನ ನಿದರ್ಶನಗಳು. ಅವು ಒಂದೊಂದಾಗಿ ಬಿದ್ದು ಅಲ್ಲಿ ಕಾಂಕ್ರೀಟಿನ ಚಾವಣಿಗಳು ಏಳುತ್ತಿವೆ. ಊರ ಅಗಸಿಯನ್ನು ರಸ್ತೆಯು ನುಂಗುವುದು. ಹುಡೇವಿನ ಕಲ್ಲುಗಳು ಪಾಯಕ್ಕೆ ಸಂದುಹೋಗುವುವು. ಮನೆಯೊಡೆಯನನ್ನು ಹಳೆಯ ಮನೆಯಲ್ಲಿಯೇ ಇರೆಂದು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಬೀಳುವ ಮೊದಲು ಅದರ ರೂಪವನ್ನು ಹಿಡಿದಿಡಬಹುದು. ವಿದ್ವಾಂಸನು ಇಟಗಿಗೆ ಬರುವನು, ಅಗಸಿಗೆ ಬರಲಾರನು. ಅಲ್ಲಿಗೆ ಹೋಗಬಲ್ಲವನು ಆ ಊರಿನವನೇ. ಹವ್ಯಾಸಿಯ ನಿಜವಾದ ಕ್ಷೇತ್ರವು ಇದೇ.

ಇನ್ನು ಹಂಚುವ ವಿಚಾರ. ಹತ್ತನೆಯ ಶತಮಾನದ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ದಾನಮಾಡಿದಳೆಂಬುದು ಪ್ರಸಿದ್ಧವಾಗಿದೆ. ಒಂದು ಓಲೆಕಟ್ಟನ್ನು ಹುಳು ತಿಂದರೂ ಇನ್ನೊಂದು ಉಳಿಯುವುದೆಂಬ ವಿವೇಕವು ಆ ದಾನದಲ್ಲಿದೆ. ಪ್ರತಿಕೃತಿಗಳನ್ನು ಒಂದೇ ಉಗ್ರಾಣದಲ್ಲಿ ಇಡುವವರಿಗೆ ಈ ವಿವೇಕವು ಅವಶ್ಯಕ. ಗೂಗಲ್ ಸಂಸ್ಥೆಯು 2012ರಲ್ಲಿ ಸ್ಕೆಚ್‌ಅಪ್ ತಂತ್ರಾಂಶವನ್ನು ಮಾರಿತು. ಮರುವರ್ಷ ಹವ್ಯಾಸಿಗಳ ಕಟ್ಟಡಗಳನ್ನು ತನ್ನ ಭೂಪಟಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿತು. ಯಂತ್ರವೇ ವಿಮಾನಚಿತ್ರಗಳಿಂದ ರಚಿಸಿದ ರೂಪಗಳು ಅವುಗಳ ಜಾಗದಲ್ಲಿ ಬಂದುವು. ಆದುದರಿಂದ ಯಾರೂ ತೆರೆಯಬಹುದಾದ ರೂಪದಲ್ಲಿ ಕಡತವನ್ನು ಬರೆದು, ಮೂಲಚಿತ್ರಗಳನ್ನೂ ಕೂಡಿಸಿ, ಹಲವೆಡೆ ಇಡುವುದು ಒಳ್ಳೆಯದು. ಬೆಂಗಳೂರಿನ ಸುತ್ತಣ ಶಾಸನಕಲ್ಲುಗಳನ್ನು ಹುಡುಕಿದ ಆಸಕ್ತರ ಉತ್ಸಾಹವು 2021ರಲ್ಲಿ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಶಾಸನಗಳ ಮೂರು ಆಯಾಮದ ದಾಖಲೆಯ ಯೋಜನೆಯಾಗಿ ಬೆಳೆದುದು ಹವ್ಯಾಸವು ವಿದ್ವತ್ತಿನ ಕೈಹಿಡಿದುದಕ್ಕೆ ಒಳ್ಳೆಯ ನಿದರ್ಶನ. ಆದರೆ ಹಂಚುವುದಕ್ಕೂ ಎಲ್ಲೆಯುಂಟು. ಮನೆಯ ಒಳಭಾಗವನ್ನು ಮನೆಯವರ ಒಪ್ಪಿಗೆಯಿಲ್ಲದೆ ಲೋಕಕ್ಕೆ ತೋರಿಸುವುದು ಸಲ್ಲದು. ಕಾವಲಿಲ್ಲದ ಶಿಲ್ಪದ ನೆಲೆಯನ್ನು ಭೂಪಟದಲ್ಲಿ ಗುರುತಿಸಿದರೆ ಅದು ಕಳ್ಳನಿಗೂ ಕೈಮರವಾಗುವುದು.

ಗುಡಿಯು ತನ್ನ ಗೋಡೆಯ ಮೇಲೆ ಗುಡಿಯನ್ನು ಕೆತ್ತಿಸಿಕೊಂಡ ನಾಡಿನಲ್ಲಿ ಈ ಹವ್ಯಾಸವು ಬೇರೂರದೆ ಇರುವುದಕ್ಕೆ ಕಾರಣವಿಲ್ಲ. ಒಂದು ಅಳತೆಯ ಕೋಲು, ಒಂದು ದಿನಾಂಕ, ಊಹೆಗೆ ಬೇರೆ ಬಣ್ಣ, ಹಲವೆಡೆ ಇಟ್ಟ ಪ್ರತಿಗಳು: ಇಷ್ಟನ್ನು ಪಾಲಿಸಿದ ಹವ್ಯಾಸಿಯ ಕೆಲಸವು ಆಟಿಕೆಯ ಮಟ್ಟವನ್ನು ದಾಟಿ ಆಕರದ ಮಟ್ಟಕ್ಕೆ ಏರುವುದು. ಬಿದ್ದುಹೋದ ಅಗಸಿಯೊಂದರ ಬಳಿ ಮುಂದೆ ಎಂದಾದರೂ ನಿಂತು, ಇಲ್ಲಿ ಏನಿತ್ತೆಂದು ಕೇಳುವ ಊರ ಮಕ್ಕಳಿಗೆ ಆ ಪ್ರತಿಕೃತಿಯು ಇದ್ದುದನ್ನು ಇದ್ದಂತೆಯೂ ಊಹಿಸಿದುದನ್ನು ಊಹೆಯೆಂದೂ ಹೇಳಬಲ್ಲುದಾದರೆ, ಅದನ್ನು ರಚಿಸಿದವನ ಶ್ರಮವು ಸಾರ್ಥಕವಾಯಿತೆನ್ನಬಹುದು.